ಸೋಹೇ ಗುಡಿಸಿದ ಅಂಗಳ

ಭಾನುವಾರ ಬೆಳಿಗ್ಗೆ ಚಿಹಾರು ಕಣ್ಣುಜ್ಜಿಕೊಂಡು ಹೊರಗೆ ಬಂದರೆ, ಮನೆಯ ಪೊರಕೆ ಕ್ಯೋಟೋದಿಂದ ಬಂದ ಅತಿಥಿಯ ಕೈಯಲ್ಲಿತ್ತು. ಅಂಗಳದ ಬಿಳಿ ಮರಳಿನ ಮೇಲೆ ಅಲೆ ಅಲೆಯಾಗಿ ಗೆರೆ ಎಳೆದಿದ್ದ. ದಾಸವಾಳದ ಗಿಡದ ಸುತ್ತ ಬಳೆ ತೊಡಿಸಿದ ಹಾಗೆ ಉಂಗುರಗಳು.

ಅವನ ಹೆಸರು ಸೋಹೇ. ಕ್ಯೋಟೋದ ಗುಡಿಯೊಂದರ ಬರೀ ಮರಳು, ಕಲ್ಲುಗಳ ತೋಟಕ್ಕೆ ಅಂದಕ್ಕೆಂದು ದಿನಾ ಗೆರೆ ಎಳೆಯುವುದೇ ಅವನ ಕೆಲಸ. ಒಂಬತ್ತು ವರ್ಷದಲ್ಲಿ ಮೊದಲ ಸಲ ಒಂದು ವಾರ ರಜ ಹಾಕಿ, ಈ ಪುಟ್ಟ ದ್ವೀಪದಲ್ಲಿ ಚಿಹಾರು ಮತ್ತವಳ ಅಜ್ಜಿ ನಡೆಸುವ ಗೆಸ್ಟ್‌ಹೌಸಿಗೆ ಸುಮ್ಮನೆ ಬಿದ್ದುಕೊಳ್ಳೋಕೆ ಬಂದಿದ್ದ. ಪಾಪ, ಅದೊಂದು ಅವನಿಗೆ ಬರುತ್ತಿರಲಿಲ್ಲ.

"ಕ್ಷಮಿಸಿ," ಅಂತ ಸೊಂಟ ಬಗ್ಗಿಸಿದ. "ಮರಳು ಕಂಡ್ರೆ ಕೈ ಸುಮ್ನಿರಲ್ಲ."

ಆ ದ್ವೀಪದಲ್ಲಿ ಅವರವರ ಅಂಗಳ ಅವರವರೇ ಗುಡಿಸಬೇಕು. ಹೊರಗಿನ ಗಂಡಸು ಗುಡಿಸಿದ ಅಂದರೆ ಆ ಮನೆಯ ಹುಡುಗಿಯನ್ನು ಮದುವೆಗೆ ಕೇಳುತ್ತಿದ್ದಾನೆ ಅಂತಲೇ ಅರ್ಥ. ಹುಡುಗಿಗೆ ಬೇಡವಾದರೆ ಪೊರಕೆ ಕಿತ್ತುಕೊಳ್ಳಬೇಕು. ಚಿಹಾರು ಕಿತ್ತುಕೊಳ್ಳಲಿಲ್ಲ. ನಿದ್ದೆಗಣ್ಣಲ್ಲಿ ಮರೆತೆ ಅಂದುಕೊಂಡಳು. ಮರುದಿನ ಅವನು ಮತ್ತೆ ಗುಡಿಸಿದಾಗ ಆ ನೆಪವೂ ಇರಲಿಲ್ಲ. ಬೆಂದ ಸೀಗಡಿಯ ಹಾಗೆ ಬಿಸಿಲಿಗೆ ಕೆಂಪಾಗಿದ್ದ ಅವನ ಕುತ್ತಿಗೆಯನ್ನೇ ನೋಡುತ್ತಾ ನಿಂತುಬಿಟ್ಟಿದ್ದಳು.

ಮೂರನೇ ದಿನಕ್ಕೆ ಊರೆಲ್ಲ ಗುಲ್ಲು. ಹೆಂಗಸರು ಪಪ್ಪಾಯಿ, ಹಾಗಲಕಾಯಿ ಹಿಡಿದುಕೊಂಡು ಅಳಿಯನನ್ನು ನೋಡೋಕೆ ಬಂದರು. ಅಜ್ಜಿ ಯಾರಿಗೂ ಉಹೂಂ ಅನ್ನಲಿಲ್ಲ. ಇಲ್ಲಿನ ಜನ ಎಷ್ಟು ಒಳ್ಳೆಯವರು ಅಂತ ಸೋಹೇ ಕೊಟ್ಟಿದ್ದನ್ನೆಲ್ಲ ತಿಂದು ಥ್ಯಾಂಕ್ಸ್ ಹೇಳಿದ.

"ಹೇಳಿಬಿಡೇ ಅವನಿಗೆ," ಅಂದಳು ಅಜ್ಜಿ.

"ಹೇಳಿದ್ರೆ ನಾಚಿಕೊಂಡು ನಾಳೇನೇ ಓಡ್ತಾನಜ್ಜಿ."

"ಹೇಳದಿದ್ರೂ ಶನಿವಾರ ಹೋಗ್ತಾನೆ."

ಆ ಮಾತು ಚಿಹಾರುಗೆ ಚುಚ್ಚಿತು. ಆದರೂ ಅವನಿಗೆ ಹೇಳೋಕೆ ಧೈರ್ಯ ಬರಲಿಲ್ಲ. ಸಂಜೆ ಅವನಿಗೆ ರಜ ಕಲಿಸುತ್ತೇನೆ ಅಂತ ಸಮುದ್ರದ ದಂಡೆಗೆ ಕರೆದುಕೊಂಡು ಹೋದಳು.

"ಏನೂ ಮಾಡ್ದೆ ಕೂತ್ಕೋಬೇಕು, ಅಷ್ಟೇ."

"ಎಷ್ಟೊತ್ತು?" ಅಂತ ಗಂಭೀರವಾಗಿ ಕೇಳಿದ. ಅವಳು ನಕ್ಕಿದ್ದು ನೋಡಿ ತಾನೂ ನಕ್ಕ. ಅಷ್ಟರಲ್ಲಾಗಲೇ ಅವನ ಕಾಲ್ಬೆರಳು ಮರಳಲ್ಲಿ ಗೆರೆ ಎಳೆಯುತ್ತಿತ್ತು. ಇವನು ಹೋದರೆ ಹೇಗಿರೋದು ಅಂತ ಅವಳಿಗೆ ನಿಜಕ್ಕೂ ಭಯವಾಯಿತು.

ಶುಕ್ರವಾರ ಸೋಹೇ ಗುಡಿಯಲ್ಲಿ ಜೊತೆಗೆ ಕೆಲಸ ಮಾಡುವವರಿಗೆಲ್ಲ ಸಿಹಿ ಕೊಳ್ಳೋಕೆ ಅಂಗಡಿಗೆ ಹೋದ. ಅಂಗಡಿಯ ಯಜಮಾನ ಹಿಗಾ ಬೆನ್ನು ತಟ್ಟಿ, ಮದುವೆ ಯಾವಾಗಪ್ಪ ಅಂತ ಕೇಳಿ, ಇವನು ಬಾಯಿ ಬಿಟ್ಟಿದ್ದು ನೋಡಿ ಎಲ್ಲವನ್ನೂ ಬಿಡಿಸಿ ಹೇಳಿದ. ವಾಪಸ್ ಬಂದ ಸೋಹೇ ಊಟಕ್ಕೆ ಕೂತಾಗ ತಲೆ ಎತ್ತಲಿಲ್ಲ. ಅಡುಗೆ ಚೆನ್ನಾಗಿತ್ತು ಅಂತ ತಟ್ಟೆಗೇ ಹೇಳಿ, ಕೋಣೆ ಸೇರಿ ಬಾಗಿಲು ಹಾಕಿಕೊಂಡ.

ಯಾರೋ ಹೇಳಿಬಿಟ್ಟಿದ್ದಾರೆ, ಗೊತ್ತಿಲ್ಲದವನನ್ನು ಆಟ ಆಡಿಸಿದ ಹಾಗಾಯಿತಲ್ಲ ಅಂತ ಚಿಹಾರುಗೆ ನಾಚಿಕೆಯಿಂದ ಅಳು ಬಂತು. ಪೊರಕೆ ತಗೊಂಡು ಹೋಗಿ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. ನಾಳೆ ಅವನು ಗುಡಿಸದಿದ್ದರೆ, ಪೊರಕೆ ಇರಲಿಲ್ಲ ಅಂತಲಾದರೂ ಸಮಾಧಾನ ಮಾಡಿಕೊಳ್ಳಬಹುದಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ, ಸೋಹೇ ಪ್ರಯಾಣಕ್ಕೆಂದು ಹಾಕಿಕೊಂಡ ಇಸ್ತ್ರಿ ಪ್ಯಾಂಟಲ್ಲೇ ಮಂಡಿಯೂರಿ ಬೆರಳಿಂದ ಗೆರೆ ಎಳೆಯುತ್ತಿದ್ದ. ಅರ್ಧ ಅಂಗಳ ಮುಗಿದಿತ್ತು.

"ಪೊರಕೆ ಸಿಗಲಿಲ್ಲ," ಅಂದ.

"ನಾನೇ ಬಚ್ಚಿಟ್ಟೆ. ಗುಡಿಸಿದ್ರೆ ಏನರ್ಥ ಅಂತ ಗೊತ್ತಾಯ್ತಲ್ಲ ನಿಮಗೆ?"

"ಆರು ದಿನ ಗೊತ್ತಿಲ್ದೆ ಗುಡಿಸ್ದೆ. ಅದು ಲೆಕ್ಕಕ್ಕಿಲ್ಲ. ಇವತ್ತು ಗೊತ್ತಿದ್ದೇ ಗುಡಿಸ್ತಿದೀನಿ." ಅವನು ಕೈಗಂಟಿದ ಮರಳು ಕೊಡವಿದ. "ಬೇಡ ಅಂದ್ರೆ ಈಗಲೇ ಎದ್ದು ಹಡಗಿಗೆ ಹೋಗ್ತೀನಿ."

ಚಿಹಾರು ಮೆಟ್ಟಿಲಿಳಿದು ಅವನ ಕೈ ಹಿಡಿದಳು. ಬೆರಳ ತುದಿಯೆಲ್ಲ ತರಚಿತ್ತು. "ಹೋಗಬೇಡಿ," ಅಂದಳು. "ನಂಗೆ ನೀವು ಬೇಕು."

ಉಳಿದರ್ಧ ಯಾರಪ್ಪ ಮುಗಿಸ್ತಾರೆ ಅಂತ ಒಳಗಿಂದ ಅಜ್ಜಿ ಕೇಳಿದಳು. ಇಬ್ಬರೂ ಪಕ್ಕಪಕ್ಕ ಮಂಡಿಯೂರಿದರು. ಅವಳ ಗೆರೆ ಸೊಟ್ಟಗಿತ್ತು, ಅವನು ತಿದ್ದಲಿಲ್ಲ. ಹಡಗು ಕೂಗಿ ಹೊರಟಾಗ ಒಂದು ಮೂಲೆ ಇನ್ನೂ ಬಾಕಿಯಿತ್ತು.