ಇಡೀ ಊರಿಗೆ ಶರತ್ಕಾಲ

"ಅಲ್ಲಾಡಬ್ಯಾಡಲೇ! ಗದ್ದ ಮ್ಯಾಲೆ ಎತ್ತು," ಎಂದಳು ಶಾಂಭವಿ.

ರೇಣುಕಾ ಗದ್ದ ಎತ್ತಿದಳು. ಪಾರ್ಲರಿನ ಎತ್ತರದ ಸ್ಟೂಲಿನ ಮೇಲೆ ಕೂತಿದ್ದ ಅವಳ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಕೂದಲು ಕಾಣದ ಹಾಗೆ ತಲೆಗೆ ಬಿಳಿ ಬಟ್ಟೆ ಕಟ್ಟಿತ್ತು. ಶಾಂಭವಿ ಅವಳ ಗದ್ದದ ಕೆಳಗೆ ಒಂದು ಹಸಿರು ಬಟ್ಟೆ ಹರಡಿದಳು. ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದಳು. ಥೇಟ್ ನೀಲಗಂಗಮ್ಮ ಚಿಕ್ಕಮ್ಮ ನೋಡುವ ಹಾಗೆಯೇ.

ನೀಲಗಂಗಮ್ಮ ಶಾಂಭವಿಯ ಚಿಕ್ಕಪ್ಪನ ಹೆಂಡತಿ. ಮರಿಯಮ್ಮನಹಳ್ಳಿಯಲ್ಲಿ ಹೈವೇ ಪಕ್ಕದ ಅವರ ಮನೆಯ ಮುಂದಿನ ಕೋಣೆಯೇ ಅವಳ ಬ್ಯೂಟಿ ಪಾರ್ಲರು. ಅಲ್ಲೇ ಮೂಲೆಯಲ್ಲಿ ಹೊಲಿಗೆ ಮಷಿನ್ನು. ಮೂರು ತಿಂಗಳ ಹಿಂದೆ ಅವಳು ಹತ್ತು ದಿನದ ಕೋರ್ಸಿಗೆಂದು ಬೆಂಗಳೂರಿಗೆ ಹೋಗಿದ್ದಳು. ಬರುವಾಗ ನಾಲ್ಕು ಗಂಟು ಬಣ್ಣದ ಬಟ್ಟೆ ತಂದಿದ್ದಳು. ಒಂದೊಂದು ಗಂಟಿಗೂ ಒಂದೊಂದು ಹೆಸರು: ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ. ಲೋಕದ ಮನುಷ್ಯರೆಲ್ಲ ಈ ನಾಲ್ಕರಲ್ಲಿ ಯಾವುದಾದರೂ ಒಂದು ಕಾಲಕ್ಕೆ ಸೇರಿದವರಂತೆ. ತಮ್ಮ ಕಾಲದ ಬಣ್ಣ ಉಟ್ಟರೆ ಮುಖಕ್ಕೆ ಕಳೆ ಬರುತ್ತದಂತೆ.

"ಬೆಳ್ಳಗ, ಕರ್ರಗ ಅನ್ನೋ ಮಾತಲ್ಲರೀ ಇದು," ಎಂದು ಚಿಕ್ಕಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. "ಕರ್ರಗಿದ್ದೋರಾಗೂ ನಾಕೂ ಕಾಲದೋರು ಇರ್ತಾರ. ಬೇಸಿಗಿ, ಚಳಿಗಾಲ ಅಂದ್ರ ತಂಪು ಬಣ್ಣ. ವಸಂತ, ಶರತ್ಕಾಲ ಅಂದ್ರ ಬೆಚ್ಚನ್ನ ಬಣ್ಣ. ಬೆಚ್ಚಗೋ ತಂಪೋ ಅಂತ ಹೇಳೋದು ಸಸಾರ. ವಸಂತನೋ ಶರತ್ಕಾಲನೋ ಅಂತ ಹೇಳಬೇಕಂದ್ರ ಕಣ್ಣಾಗ ಎಣ್ಣಿ ಬಿಟ್ಕಂಡು ನೋಡಬೇಕು."

ಆ ಎರಡು ಗಂಟುಗಳ ಬಣ್ಣಗಳು ಅಕ್ಕತಂಗಿಯರ ಹಾಗಿದ್ದವು. ವಸಂತದಲ್ಲಿ ಚಿಗುರಿನ ಹಸಿರು, ಶರತ್ಕಾಲದಲ್ಲಿ ಬಾಡಿದ ಬೇವಿನೆಲೆಯ ಹಸಿರು. ವಸಂತದಲ್ಲಿ ಬಾಳೆಹಣ್ಣಿನ ಹಳದಿ, ಶರತ್ಕಾಲದಲ್ಲಿ ಬೆಲ್ಲದ ಬಣ್ಣ. ವಸಂತದ ಬಣ್ಣ ತಿಳಿ, ಶರತ್ಕಾಲದ್ದು ಮಾಸಲು. ಇಷ್ಟನ್ನು ಶಾಂಭವಿ ಬಾಯಿಪಾಠ ಮಾಡಿಕೊಂಡಿದ್ದಳು. ಐದನೇ ಕ್ಲಾಸಿನ ಹದಿನಾರರ ಮಗ್ಗಿ ಮಾತ್ರ ಅವಳಿಗೆ ಇನ್ನೂ ಬಾಯಿಗೆ ಬಂದಿರಲಿಲ್ಲ, ಆ ಮಾತು ಬೇರೆ.

ಈಗ ಚಿಕ್ಕಮ್ಮ ಹುಕ್ಕು ತರಲು ಅಂಗಡಿಗೆ ಹೋಗಿದ್ದಳು. ಶಾಂಭವಿಯ ಕ್ಲಾಸಿನ ಗೆಳತಿ ರೇಣುಕಾ, ಚಿಕ್ಕಮ್ಮ ಹೊಲಿದ ಹೊಸ ಲಂಗ ಜಂಪರು ಅಳತೆ ಸರಿಯಾಗಿದೆಯೇ ಎಂದು ಹಾಕಿ ನೋಡಲು ಬಂದಿದ್ದಳು. ಶನಿವಾರ ಶಾಲೆಯಲ್ಲಿ ಗ್ರೂಪ್ ಫೋಟೋ. ಅವತ್ತೊಂದು ದಿನ ಯೂನಿಫಾರ್ಮ್ ಬೇಕಿಲ್ಲ, ಕಲರ್ ಡ್ರೆಸ್ ಹಾಕಿಕೊಂಡು ಬನ್ನಿ ಎಂದು ಟೀಚರ್ ಹೇಳಿದ್ದರು. ರೇಣುಕಾಳ ಲಂಗ ಎಳೆ ಹಸಿರು. ಬಟ್ಟೆಯನ್ನು ಅವಳೇ ಹೊಸಪೇಟೆಯಲ್ಲಿ ಮೂರು ಅಂಗಡಿ ತಿರುಗಿ ಆರಿಸಿದ್ದಳು.

ಶಾಂಭವಿ ಹಸಿರು ಬಟ್ಟೆ ತೆಗೆದು ಹಳದಿ ಇಟ್ಟಳು, ಅದನ್ನು ತೆಗೆದು ಬೆಲ್ಲದ ಬಣ್ಣದ್ದು ಇಟ್ಟಳು. ಕೊನೆಗೆ ತೀರ್ಪು ಕೊಟ್ಟಳು.

"ನೀನು ಶರತ್ಕಾಲ ಲೇ. ವಸಂತದ ಅರಿವಿ ಇಟ್ರ ಮುಖ ಡಲ್ ಆಗ್ತತಿ."

"ಹಂಗಂದ್ರ?"

"ಹಂಗಂದ್ರ ಈ ಲಂಗ ನಿನಗ ಒಪ್ಪಂಗಿಲ್ಲ. ಎಳೆ ಹಸಿರು ಅಂದ್ರ ವಸಂತ. ಇದ್ರಾಗ ನೀನು ಜ್ವರ ಬಂದೋರಂಗ ಕಾಣ್ತಿ."

ರೇಣುಕಾ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ಸ್ಟೂಲಿನಿಂದ ಇಳಿದು, ಪರದೆ ಹಿಂದೆ ಹೋಗಿ, ಲಂಗ ಬಿಚ್ಚಿ ಮೊಳೆಗೆ ತೂಗುಹಾಕಿ, ಹಳೇ ಫ್ರಾಕು ಹಾಕಿಕೊಂಡು ಹೊರಟೇಬಿಟ್ಟಳು.

"ಏ, ಹುಕ್ಕು ಹಚ್ಚೋದೈತಿ, ನಿಂದ್ರಲೇ!" ಎಂದು ಶಾಂಭವಿ ಕೂಗಿದಳು. ರೇಣುಕಾ ಆಗಲೇ ರಸ್ತೆ ದಾಟಿದ್ದಳು. ಅವಳ ಹಿಂದೆಯೇ ನಾಲ್ಕು ಅದಿರಿನ ಲಾರಿಗಳು ಸಾಲಾಗಿ ಬಂದು ಅವಳನ್ನು ಮರೆಮಾಡಿದವು.

ಮರುದಿನ ರೇಣುಕಾ ಶಾಂಭವಿಯ ಪಕ್ಕ ಕೂರಲಿಲ್ಲ. ಹಿಂದಿನ ಬೆಂಚಿಗೆ ಹೋದಳು. ಊಟದ ಹೊತ್ತಿನಲ್ಲಿ ಶಾಂಭವಿ ಡಬ್ಬಿಯಿಂದ ಶೇಂಗಾ ಹೋಳಿಗೆ ತೆಗೆದು ಕೊಡಹೋದರೆ, "ನನಗ ಬ್ಯಾಡ" ಎಂದು ಮುಖ ತಿರುಗಿಸಿದಳು. ಶೇಂಗಾ ಹೋಳಿಗೆ ಬೇಡ ಎಂದವಳಲ್ಲ ಅವಳು, ಹುಟ್ಟಿದಾಗಿನಿಂದ. ಶಾಂಭವಿಗೆ ಸಿಟ್ಟು ಬಂತು. 'ಇದ್ದದ್ದು ಹೇಳಿದ್ರ ಇಷ್ಟ್ಯಾಕ ಬಿರುಸು?' ಎಂದುಕೊಂಡಳು. ಆದರೆ ಅವಳೂ ಅರ್ಧ ಹೋಳಿಗೆ ತಿಂದು ಉಳಿದದ್ದನ್ನು ಡಬ್ಬಿಗೆ ಹಾಕಿದಳು.

ಗುರುವಾರ ಸಂಜೆ ರೇಣುಕಾಳ ಅವ್ವ ಎರ್ರೆಮ್ಮ ಪಾರ್ಲರಿಗೆ ಬಂದಳು. ಶಾಂಭವಿ ಒಳಗೆ ಹೋಮ್‌ವರ್ಕ್ ಬರೆಯುತ್ತಿದ್ದಳು. ಮಾತು ಕೇಳಿಸಿತು.

"ನೀಲಮ್ಮಾ, ಆ ಲಂಗ ಸಣ್ಣದು ಮಾಡಿಕೊಡವಾ. ನಮ್ಮ ಹುಡುಗಿ ಒಲ್ಲೆ ಅಂತಾಳ. ಕಂಪ್ಲಿಯಾಗ ನನ್ನ ತಂಗಿ ಮಗಳದಾಳ, ಆಕಿಗೆ ಕೊಟ್ಟು ಬಿಡ್ತೀನಿ."

"ಅಯ್ಯ, ಯಾಕಂತ? ಆಕಿನೇ ಆರಿಸಿದ್ದಲ್ಲೇನು?"

"ಹೂಂ ಮತ್ತ. ಆವಾಗ ಅದನ್ನ ಎದಿಗೆ ಅವುಚಿಕೊಂಡು ಬಸ್ಸಿನ್ಯಾಗ ಕುಂತಿದ್ಲು. ಈಗ ನೋಡಿದ್ರ, ಜ್ವರ ಬಂದೋರಂಗ ಕಾಣ್ತೀನಿ, ಯೂನಿಫಾರ್ಮ್‌ನಾಗೇ ಫೋಟೋಕ್ಕ ನಿಂದರ್ತೀನಿ ಅಂತ ಒಂದೇ ಹಟ. ರಾತ್ರಿ ಉಣ್ಣಲಿಲ್ಲ ಕೂಡ."

"ಹುಡುಗರು! ನಾಳಿ ಹೊಸಪೇಟಿಗೆ ಹೋಗೋದೈತಿ. ಬಂದ ಕೂಡ್ಲೇ ಕತ್ತರಿಸ್ತೀನಿ ಬಿಡು," ಎಂದಳು ಚಿಕ್ಕಮ್ಮ.

ಶಾಂಭವಿಯ ಪೆನ್ಸಿಲ್ ನಿಂತುಹೋಯಿತು. ಒಮ್ಮೆ ಕತ್ತರಿಸಿದರೆ ಆ ಲಂಗ ಮತ್ತೆ ರೇಣುಕಾಳದ್ದಾಗುವುದಿಲ್ಲ. ಎದ್ದು ಹೋಗಿ ಚಿಕ್ಕಮ್ಮನಿಗೆ ಎಲ್ಲ ಹೇಳಿಬಿಡಬೇಕು ಎನಿಸಿತು. ಕೇಳದೆ ಗಂಟು ಬಿಚ್ಚಿದ್ದಕ್ಕೆ ಬೈಸಿಕೊಳ್ಳಬೇಕಲ್ಲ ಎಂದು ಸುಮ್ಮನಾದಳು.

ಶುಕ್ರವಾರ ಶಾಲೆಯಿಂದ ಬಂದಾಗ ಪಾರ್ಲರಿನಲ್ಲಿ ಯಾರೂ ಇರಲಿಲ್ಲ. ಅಜ್ಜಿ ಅಕ್ಕನಾಗಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದಳು. ಶಾಂಭವಿ ಚಹಾದ ಲೋಟ ಹಿಡಿದುಕೊಂಡೇ ಬಂದು ವಸಂತದ ಗಂಟು ಬಿಚ್ಚಿದಳು. ತಾನು ಹೇಳಿದ್ದು ಖರೆ ಎಂದು ಇನ್ನೊಂದು ಸಲ ನೋಡಿಕೊಂಡರೆ ಮನಸ್ಸಿಗೆ ಸಮಾಧಾನವಾದೀತು ಎಂದುಕೊಂಡಳು. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಹಸಿರು ಬಟ್ಟೆ. ಆಗ ಹೊರಗೆ ಲಾರಿಯೊಂದು ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. ಬೆಚ್ಚಿಬಿದ್ದ ಶಾಂಭವಿಯ ಲೋಟ ಜಾರಿ, ಇಡೀ ಗಂಟಿನ ಮೇಲೆ ಚಹಾ ಚೆಲ್ಲಿತು.

"ಅಯ್ಯಯ್ಯೋ!"

"ಏನಾತೇ?" ಎಂದು ಅಜ್ಜಿ ಒಳಗಿನಿಂದ ಕೇಳಿದಳು.

"ಏನಿಲ್ಲಜ್ಜಿ!"

ಶಾಂಭವಿ ಗಂಟನ್ನು ಬಾಚಿಕೊಂಡು ಹಿತ್ತಿಲಿಗೆ ಓಡಿದಳು. ಚೆಲ್ಲಿದ್ದನ್ನು ಒರೆಸಿದ, ತಲೆಗೆ ಕಟ್ಟುವ ಬಿಳಿ ಬಟ್ಟೆಯೂ ಜೊತೆಗಿತ್ತು. ಬಕೆಟ್ಟಿಗೆ ನೀರು ತುಂಬಿ, ಸೋಪಿನ ಪುಡಿ ಹಾಕಿ, ಎಲ್ಲವನ್ನೂ ಮುಳುಗಿಸಿ ಕುಕ್ಕಿದಳು. ನೋಡನೋಡುತ್ತಿದ್ದ ಹಾಗೆ ನೀರು ಕೆಂಪಾಯಿತು.

ಬಣ್ಣ ಬಿಟ್ಟಿತು! ಬೆಂಗಳೂರಿನ ಬಟ್ಟೆಯೆಲ್ಲ ಹಾಳಾಯಿತು! ಅಳುತ್ತಲೇ ಒಂದೊಂದನ್ನೂ ಹಿಂಡಿ ತೆಗೆದಳು. ಹೊಸ ನೀರು ಹಾಕಿದಳು. ಅದೂ ಕೆಂಪಾಯಿತು. ಮೂರನೆಯ ಸಲದ ನೀರು ಮಾತ್ರ ತಿಳಿಯಾಗಿ ನಿಂತಿತು.

ಮೂಗು ಒರೆಸಿಕೊಂಡು ಬಟ್ಟೆ ಕೊಡವಿ ತಂತಿಗೆ ಹಾಕುವಾಗ ಅವಳಿಗೆ ಒಂದು ವಿಚಿತ್ರ ಕಾಣಿಸಿತು. ಹಳದಿ ಬಟ್ಟೆ ಮೊದಲಿಗಿಂತ ಹಳದಿಯಾಗಿತ್ತು. ಹಸಿರು ಮೊದಲಿಗಿಂತ ಹಸಿರಾಗಿತ್ತು. ಬಣ್ಣ ಬಿಟ್ಟಿದ್ದರೆ ಹೀಗಾಗುತ್ತದೆಯೇ? ಅಲ್ಲದೆ, ಹಸಿರು ಬಟ್ಟೆಯಿಂದ ಕೆಂಪು ಹೇಗೆ ಬರುತ್ತದೆ? ಬಕೆಟ್ಟಿನ ತಳಕ್ಕೆ ಕೈ ಹಾಕಿದಳು. ಬೆರಳಿಗೆ ನುಣ್ಣನೆಯ ಕೆಂಪು ಕೆಸರು ಹತ್ತಿತು.

ಆ ಕೆಂಪು ಅವಳಿಗೆ ಚೆನ್ನಾಗಿ ಗೊತ್ತು. ದಿನಾ ಸಂಜೆ ಕಾಲು ತೊಳೆದಾಗ ಬಚ್ಚಲಲ್ಲಿ ಹರಿಯುವುದು ಅದೇ. ಶಾಲೆಯ ಬೆಂಚಿನ ಮೇಲೆ ಬೆರಳಿನಿಂದ ಹೆಸರು ಬರೆಯುವುದು ಅದರಲ್ಲೇ. ಲಾರಿಗಳು ಹಗಲೂ ರಾತ್ರಿ ಊರಿನ ಮೇಲೆ ಉದುರಿಸಿಕೊಂಡು ಹೋಗುವ ಅದಿರಿನ ದೂಳು!

ಅವಳು ಒದ್ದೆ ಹಸಿರು ಬಟ್ಟೆ ಹಿಡಿದು ಪಾರ್ಲರಿಗೆ ಬಂದಳು. ಮೊಳೆಯ ಮೇಲೆ ರೇಣುಕಾಳ ಲಂಗ ಹಾಗೇ ಇತ್ತು. ಚಿಕ್ಕಮ್ಮ ಅದರ ಮೇಲೆ ಪ್ಲಾಸ್ಟಿಕ್ ಕವರು ಹಾಕಿದ್ದಳು. ಕವರು ಎತ್ತಿ ಎರಡನ್ನೂ ಪಕ್ಕಪಕ್ಕ ಹಿಡಿದಳು. ಎರಡೂ ಒಂದೇ ಥಾನಿನಿಂದ ಹರಿದ ಹಾಗಿದ್ದವು. ಅಂದರೆ ಮೊನ್ನೆ ರೇಣುಕಾಳ ಗದ್ದದ ಕೆಳಗೆ ತಾನು ಇಟ್ಟಿದ್ದು ವಸಂತವೇ ಅಲ್ಲ. ಮೂರು ತಿಂಗಳ ದೂಳು ಕುಡಿದ ವಸಂತ.

ಅಷ್ಟರಲ್ಲಿ ಚಿಕ್ಕಮ್ಮ ಕೈಚೀಲ ಹಿಡಿದು ಒಳಗೆ ಬಂದಳು.

"ಅದ್ಯಾಕ ಹಸಿ ಅರಿವಿ ಹಿಡಕಂಡು ನಿಂತಿ? ಅಳಾಕತ್ತೀಯೇನು?"

ಶಾಂಭವಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಕೇಳದೆ ಗಂಟು ಬಿಚ್ಚಿದ್ದು, ರೇಣುಕಾಗೆ ಅಂದಿದ್ದು, ಚಹಾ ಚೆಲ್ಲಿದ್ದು, ಕೆಂಪು ನೀರು. ಚಿಕ್ಕಮ್ಮ ಹಿತ್ತಿಲಿಗೆ ನಡೆದಳು. ತಂತಿಯ ಮೇಲಿನ ತಲೆಬಟ್ಟೆ ನಿಜಕ್ಕೂ ಬಿಳಿಯಾಗಿತ್ತು. ಬಕೆಟ್ಟಿನಲ್ಲಿ ಬಗ್ಗಿ ನೋಡಿ ಚಿಕ್ಕಮ್ಮ ಹಣೆ ಹಣೆ ಬಡಿದುಕೊಂಡಳು.

"ಅಯ್ಯ ನನ್ನ ಬುದ್ಧಿಗಿಷ್ಟು! ಶರತ್ಕಾಲದ ಅರಿವಿ ಮೊದಲೇ ಮಾಸಲು, ದೂಳು ಬಿದ್ರೂ ಗೊತ್ತಾಗಂಗಿಲ್ಲ. ವಸಂತದ್ದು ಕೆಟ್ಟು ಹೋಗೈತಿ, ಉಳಿದೆರಡೂ ಕೆಟ್ಟಿರಬೇಕು. ಅದಕ್ಕೇ ಬಂದೋರೆಲ್ಲಾ ಶರತ್ಕಾಲ ಆಗ್ತಿದ್ರು! ಇಡೀ ಊರಿಗೆ ಶರತ್ಕಾಲ ಅಂತ ಬರದು ಕೊಟ್ಟೀನಲ್ಲೇ, ಇನ್ನ ಮನಿ ಮನಿಗೆ ಹೋಗಿ ತಪ್ಪಾತವ್ವಾ ಅನ್ನಬೇಕು!"

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುತ್ತಿರಲಿಲ್ಲ. ಅಜ್ಜಿ ಮಾತ್ರ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಚಿಕ್ಕಮ್ಮಾ, ಲಂಗ ಕತ್ತರಿಸಬ್ಯಾಡ. ನಾ ರೇಣುಕಾ ಮನಿಗೆ ಹೋಗಿ ಬರ್ತೀನಿ," ಎಂದಳು ಶಾಂಭವಿ.

"ಹೋಗು. ಜಲ್ದಿ ಹೋಗು. ನಾ ಹುಕ್ಕು ಹಚ್ಚಿ ಕೊಡ್ತೀನಿ ತಡಿ."

ಲಂಗವನ್ನು ಪೇಪರಿನಲ್ಲಿ ಸುತ್ತಿಕೊಂಡು, ಒದ್ದೆ ಹಸಿರು ಬಟ್ಟೆಯನ್ನೂ ಹೆಗಲಿಗೆ ಹಾಕಿಕೊಂಡು ಶಾಂಭವಿ ಓಡಿದಳು. ರೇಣುಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಬೂಟಿಗೆ ಪಾಲಿಷ್ ಹಚ್ಚುತ್ತಿದ್ದಳು. ಯೂನಿಫಾರ್ಮಿನ ಬೂಟು.

"ರೇಣುಕಾ! ನೀನು ಶರತ್ಕಾಲ ಅಲ್ಲಲೇ! ಅರಿವಿಗೆ ಅದಿರಿನ ದೂಳು ಹತ್ತಿತ್ತು. ತೊಳದೀನಿ ನೋಡು. ಎಲ್ಲಿ, ಗದ್ದ ಎತ್ತು, ಇನ್ನೊಮ್ಮೆ ಟೆಸ್ಟ್ ಮಾಡ್ತೀನಿ. ಗ್ಯಾರಂಟಿ ನೀನು ವಸಂತನೇ!"

ರೇಣುಕಾ ಗದ್ದ ಎತ್ತಲಿಲ್ಲ. ಬ್ರಷ್ಷು ಪಕ್ಕಕ್ಕಿಟ್ಟಳು.

"ದೂಳು ಇರದಿದ್ರ?" ಎಂದಳು.

"ಅಂದ್ರ?"

"ಅರಿವಿ ಸ್ವಚ್ಛ ಇದ್ದೂ ನಾನು ಶರತ್ಕಾಲನೇ ಆಗಿದ್ರ, ನೀ ಇವತ್ತು ಬರ್ತಿದ್ದಿಲ್ಲ. ಹೌದಲ್ಲೋ?"

ಶಾಂಭವಿ ಅವಳ ಮುಖ ನೋಡಿದಳು. ರೇಣುಕಾಳ ಕಣ್ಣು ಸ್ವಲ್ಪ ಊದಿತ್ತು. ಮೂರು ದಿನದಿಂದ ಒಂದೇ ಕ್ಲಾಸಿನಲ್ಲಿ ಕೂತರೂ ಅದನ್ನು ತಾನು ನೋಡಿರಲಿಲ್ಲ ಎಂಬುದು ಹೊಳೆದು ಶಾಂಭವಿಗೆ ತುಂಬಾ ನಾಚಿಕೆಯಾಯಿತು, ಸಂಕಟವಾಯಿತು.

ಹೆಗಲ ಮೇಲಿನ ಹಸಿರು ಬಟ್ಟೆಯನ್ನು ತೆಗೆದು ಮುದ್ದೆ ಮಾಡಿ ಬೆನ್ನ ಹಿಂದೆ ಹಿಡಿದುಕೊಂಡಳು.

"ನಾ ಹಂಗ ಅನ್ನಬಾರದಿತ್ತು," ಎಂದಳು. ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ. "ನೀನು ಆಸಿಪಟ್ಟು ತಂದಿದ್ದು."

ರೇಣುಕಾ ಬೂಟು ಎತ್ತಿಕೊಂಡು ಮತ್ತೆ ತಿಕ್ಕತೊಡಗಿದಳು. ಶಾಂಭವಿ ಕಾಗದದ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು, ಮೆಲ್ಲಗೆ ವಾಪಸು ಹೊರಟಳು. ನಾಲ್ಕು ಮನೆ ದಾಟಿದ ಮೇಲೆ ಹಿಂದಿನಿಂದ ಕೂಗು ಬಂತು.

"ಹುಕ್ಕು ಹಚ್ಚ್ಯಾರೇನು?"

"ಹಚ್ಚ್ಯಾರ!" ಎಂದು ಶಾಂಭವಿ ತಿರುಗಿ ಕೂಗಿದಳು.

ಶನಿವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಫೋಟೋಗ್ರಾಫರ್ ಬೆಂಚುಗಳನ್ನು ಎಳೆದಾಡಿ ಜೋಡಿಸುತ್ತಿದ್ದ. ಚಿಕ್ಕಮ್ಮನ ಸುದ್ದಿ ಆಗಲೇ ಊರು ತುಂಬಿತ್ತು. ಹುಡುಗಿಯರು ಶಾಂಭವಿಯನ್ನು ಮುತ್ತಿಕೊಂಡು, "ನಾನ್ಯಾವ ಕಾಲ? ನಾನ್ಯಾವ ಕಾಲ?" ಎಂದು ಕಾಡುತ್ತಿದ್ದರು.

"ನನಗೇನು ಗೊತ್ತು? ಚಿಕ್ಕಮ್ಮನ್ನ ಕೇಳ್ರಿ," ಎನ್ನುತ್ತಾ ಅವಳು ಗೇಟಿನ ಕಡೆಯೇ ನೋಡುತ್ತಿದ್ದಳು.

ರೇಣುಕಾ ಬಂದಳು. ಎಳೆ ಹಸಿರು ಲಂಗ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕಾಲಲ್ಲಿ ಫಳಫಳ ಹೊಳೆಯುವ ಯೂನಿಫಾರ್ಮ್ ಬೂಟು. ನೇರವಾಗಿ ಶಾಂಭವಿಯ ಮುಂದೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಹೆಂಗ ಕಾಣ್ತೀನಿ?"

ಹುಡುಗಿಯರೆಲ್ಲ ಶಾಂಭವಿಯ ಬಾಯಿಯನ್ನೇ ನೋಡಿದರು. 'ವಸಂತ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ರೇಣುಕಾಳ ಮುಖ ನೋಡಿದಳು. ಕಣ್ಣಿನ ಊತ ಇಳಿದಿತ್ತು. ತುಟಿಯ ಅಂಚಿನಲ್ಲಿ ನಗು ಬರಲೋ ಬೇಡವೋ ಎಂದು ಕಾಯುತ್ತಿತ್ತು.

"ಜಲ್ದಿ ಬಾರಲೇ," ಎಂದು ಅವಳ ಕೈ ಹಿಡಿದೆಳೆದಳು. "ಮುಂದಿನ ಸಾಲು ತುಂಬಾಕತ್ತೈತಿ. ನನ್ನ ಬಾಜೂಕ ನಿಂದ್ರು."