ಅಜ್ಜಿ ತುಳಿಯದ ನೀಲಿ ಮ್ಯಾಟು

"ಆಂಟಿ, ಇನ್ನೊಂದ್ಸಲ ತಿರುಗಿಸಿ. ಕೆಳಗಡೆ ನೋಡ್ಬೇಕು."

ಅಂಗಡಿಯ ಆಂಟಿ ನಿಟ್ಟುಸಿರು ಬಿಟ್ಟು ನೀಲಿ ಮ್ಯಾಟನ್ನು ಮಗುಚಿ ಹಿಡಿದಳು. ಪಟಾಕಿ ಅದರ ರಬ್ಬರನ್ನು ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಅದನ್ನು ನೆಲಕ್ಕೆ ಹಾಕಿ, ಚಪ್ಪಲಿ ಬಿಟ್ಟು, ಮೇಲೆ ಹತ್ತಿ ಸೊಂಟ ತಿರುಗಿಸಿ ಕುಣಿದಳು. ಮ್ಯಾಟು ಜಪ್ಪಯ್ಯ ಎಂದರೂ ಕದಲಲಿಲ್ಲ.

"ಸಾಕು ಕಣೇ," ಎಂದಳು ಅಮ್ಮ. "ಬಾತ್‌ರೂಮಿಗೆ ಹಾಕೋ ಮ್ಯಾಟು ಅದು. ಮದುವೆ ಬಟ್ಟೆ ಅಲ್ಲ."

ಪಟಾಕಿ ಅವಳ ನಿಜವಾದ ಹೆಸರಲ್ಲ. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತಲ್ಲ, ಅದಕ್ಕೆ ಅಣ್ಣ ಇಟ್ಟ ಹೆಸರು. ಆದರೆ ಈ ಸಲ ಅವಳ ಕೋಪಕ್ಕೆ ಸರಿಯಾದ ಕಾರಣವೇ ಇತ್ತು.

ಹೋದ ತಿಂಗಳು ಅಜ್ಜಿ ಬಾತ್‌ರೂಮಿನ ಬಾಗಿಲಲ್ಲಿ ಜಾರಿ ಬಿದ್ದಿದ್ದಳು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಮಂಡಿ ಊದಿಕೊಂಡಿತ್ತು, ಕನ್ನಡಕದ ಕಡ್ಡಿ ಕಿತ್ತು ಬಂದಿತ್ತು. ಆಗ ಎಲ್ಲರೂ ತಿರುಗಿ ನೋಡಿದ್ದು ಪಟಾಕಿಯನ್ನೇ. "ಸ್ನಾನ ಮಾಡಿ ನೆಲ ಒರೆಸ್ದೆ ಬಂದಿದ್ದೀಯ," ಎಂದು ಅಮ್ಮ ಬೈದಿದ್ದಳು. ನಿಜವಾಗಿ ಅಂದು ಕೊಳದಿಂದ ಎದ್ದ ಎಮ್ಮೆಯಂತೆ ನೀರು ಸುರಿಸಿಕೊಂಡು ಹೊರಗೆ ಬಂದವನು ಅಣ್ಣ. ಪಟಾಕಿ ಅದನ್ನು ಹೇಳಿದಳು, ಅತ್ತಳು, ಕಾಲು ಬಡಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂದಿನಿಂದ ಬೆಳಗಾದರೆ ಅದೇ ಪ್ರಶ್ನೆ. "ಪಟಾಕಿ, ನೀರು ಒರೆಸಿದ್ಯಾ?" ಅಣ್ಣನನ್ನು ಕೇಳುವವರೇ ಇರಲಿಲ್ಲ. ಇದು ಅನ್ಯಾಯವಲ್ಲದೆ ಮತ್ತೇನು? ಯಾರೂ ಜಾರದಂಥ ಮ್ಯಾಟು ತರುತ್ತೇನೆ, ಆಮೇಲೆ ನನ್ನನ್ನು ಯಾರು ಬೈಯುತ್ತಾರೋ ನೋಡುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು.

"ಇದು ಚೆನ್ನಾಗಿದೆ ನೋಡು," ಎಂದು ಅಮ್ಮ ಹಳದಿ ಮ್ಯಾಟೊಂದನ್ನು ಎತ್ತಿದಳು.

"ತುಂಬಾ ದಪ್ಪ. ಬಾಗಿಲಿಗೆ ಸಿಕ್ಕಾಕೊಳ್ಳುತ್ತೆ. ನಾನು ಬಾಗಿಲ ಕೆಳಗಿನ ಸಂದೀನ ಸ್ಕೇಲಿಟ್ಟು ಅಳೆದಿದ್ದೀನಿ."

"ಈ ಕುಚ್ಚಿನದು?"

"ಅಜ್ಜಿ ಕಾಲ್ಬೆರಳು ಅದಕ್ಕೆ ಸಿಕ್ಕಿದ್ರೆ?"

ಅಮ್ಮ ಅದನ್ನೂ ಕೆಳಗಿಟ್ಟಳು. ಕೊನೆಗೆ ಆ ಕಡುನೀಲಿ ಮ್ಯಾಟೇ ಗೆದ್ದಿತು. ಅದು ತೆಳ್ಳಗಿತ್ತು, ಜಾರುತ್ತಿರಲಿಲ್ಲ, ನೀರನ್ನೂ ಹೀರುತ್ತಿತ್ತು. "ಕೊಳೆಯೂ ಕಾಣಲ್ಲ," ಎಂದು ಅಮ್ಮನೂ ಒಪ್ಪಿದಳು.

ಮನೆಗೆ ಬಂದು ಅದನ್ನು ಬಾತ್‌ರೂಮಿನ ಬಿಳಿ ನೆಲದ ಮೇಲೆ ಹಾಸಿದ ಪಟಾಕಿ, "ಅಜ್ಜಿಗೆ ಯಾರೂ ಹೇಳ್ಬೇಡಿ. ಅವಳೇ ನೋಡ್ಲಿ," ಎಂದಳು.

ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕಾದಳು. ಬಿದ್ದ ದಿನದಿಂದ ಅಜ್ಜಿ, ಮತ್ತೆ ಮುರಿದೀತೆಂದು, ಕನ್ನಡಕವನ್ನು ಹಾಸಿಗೆಯ ಪಕ್ಕದಲ್ಲೇ ತೆಗೆದಿಟ್ಟು ಸ್ನಾನಕ್ಕೆ ಬರುತ್ತಿದ್ದಳು. ಅಂದೂ ಹಾಗೇ ಬಂದು ಬಾಗಿಲಲ್ಲಿ ನಿಂತು ನೆಲ ನೋಡಿದಳು. ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಬಟ್ಟೆಯ ಅಂಚು ಎತ್ತಿಕೊಂಡು, ಮ್ಯಾಟಿನ ಪಕ್ಕದಲ್ಲೇ ಅಡ್ಡಡ್ಡ ಹೆಜ್ಜೆ ಇಟ್ಟು ಒಳಗೆ ಹೋದಳು.

ಹೊಸದಲ್ಲವೇ, ಕೊಳೆಯಾಗುತ್ತದೆ ಅಂತಿರಬೇಕು ಎಂದುಕೊಂಡಳು ಪಟಾಕಿ. ಮರುದಿನವೂ ಅದೇ ಕತೆ. ಅದರ ಮರುದಿನವೂ ಅದೇ.

"ನಿನ್ನ ಮ್ಯಾಟು ಅಜ್ಜಿಗೆ ಇಷ್ಟ ಆಗಿಲ್ಲ ಕಣೇ," ಎಂದು ಅಣ್ಣ ಹಲ್ಲು ಕಿರಿದ.

ಪಟಾಕಿಗೆ ಮೈಯೆಲ್ಲ ಉರಿಯಿತು. ಮನೆಮಂದಿಯೆಲ್ಲ ಆ ಮ್ಯಾಟನ್ನು ತುಳಿದು ತುಳಿದು ಓಡಾಡುತ್ತಿದ್ದರು. ಯಾರಿಗಾಗಿ ತಂದಳೋ ಅವಳು ಮಾತ್ರ ಹೆಬ್ಬೆರಳನ್ನೂ ಇಡುತ್ತಿಲ್ಲ. ಬಿದ್ದದ್ದು ನನ್ನಿಂದಲೇ ಅಂತ ಅಜ್ಜಿಯೂ ನಂಬಿದ್ದಾಳೆ, ಅದಕ್ಕೇ ಈ ಸಿಟ್ಟು ಎಂದುಕೊಂಡಳು. ಈ ಯೋಚನೆ ಅವಳನ್ನು ಕ್ಲಾಸಿನಲ್ಲೂ ಬಿಡಲಿಲ್ಲ.

ಭಾನುವಾರ ಅವಳು ಬಾತ್‌ರೂಮಿನ ಬಾಗಿಲಿಗೆ ಅಡ್ಡ ನಿಂತಳು.

"ಅಜ್ಜಿ, ನಿಂಗೆ ನನ್ನ ಮೇಲೆ ಕೋಪಾನಾ?"

"ಇಲ್ವಲ್ಲೇ. ಯಾಕೆ?"

"ಮತ್ತೆ ನಾನು ತಂದಿದ್ದನ್ನ ಯಾಕೆ ತುಳಿಯಲ್ಲ? ನಿಂಗೋಸ್ಕರ ಅಂಗಡೀಲಿ ಕುಣಿದು ಬೇರೆ ನೋಡಿದ್ದೀನಿ. ನೀನು ನೋಡಿದ್ರೆ ಹಲ್ಲಿ ಥರ ಗೋಡೆಗೆ ಅಂಟ್ಕೊಂಡು ಹೋಗ್ತೀಯ."

"ಏನು ತಂದಿದ್ದೆ?"

"ಇದೇ. ಈ ಮ್ಯಾಟು." ಪಟಾಕಿ ಅದರ ಮೇಲೆ ದಪದಪ ಕಾಲು ಬಡಿದಳು.

ಅಜ್ಜಿ ಮೆಲ್ಲನೆ ಬಗ್ಗಿ ಕೈ ಚಾಚಿದಳು. ಬೆರಳು ಮ್ಯಾಟಿಗೆ ತಗುಲಿತು. ಅದನ್ನು ಸವರಿ, ಸವರಿ ನೋಡಿದಳು.

"ಅಯ್ಯೋ, ಇದು ಮ್ಯಾಟಾ? ನಾನು ನೀರು ಅಂದ್ಕೊಂಡಿದ್ದೆ. ಕನ್ನಡಕ ಇಲ್ದಿದ್ರೆ ನಂಗೆ ಇಲ್ಲಿ ಕಪ್ಪಗೆ ಏನೋ ನಿಂತ ಹಾಗೆ ಕಾಣುತ್ತೆ."

"ದಿನಾ ನೀರು ನಿಂತಿದೆ ಅಂದ್ಕೊಂಡ್ಯಾ? ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

ಅಜ್ಜಿ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಹೇಳಿದ್ರೆ ನಿನ್ನನ್ನೇ ಬೈತಾರಲ್ಲೇ."

ಪಟಾಕಿ ಬಾಗಿಲಿನಿಂದ ಸರಿದು ಅಜ್ಜಿಯ ಕೈ ಹಿಡಿದಳು. ಅಜ್ಜಿಯ ಮಂಡಿಯ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ. ಆ ಕಾಲಿನಲ್ಲೇ ಅವಳು ದಿನಾ ಗೋಡೆ ಹಿಡಿದು ಹೋಗಿದ್ದಳು.

ಸಂಜೆ ಅಂಗಡಿಯ ಆಂಟಿ ಇವಳನ್ನು ಕಂಡು ಹಣೆ ಚಚ್ಚಿಕೊಂಡಳು. "ಮತ್ತೆ ಬಂದ್ಯಾ? ಇವತ್ತು ಏನು ಅಳೀಬೇಕು?"

"ನಾನಲ್ಲ ಆಂಟಿ, ಅಜ್ಜಿ ಆರಿಸ್ತಾಳೆ," ಎಂದ ಪಟಾಕಿ ತೆಳ್ಳಗಿನ ಮ್ಯಾಟುಗಳನ್ನೆಲ್ಲ ಅಂಗಡಿಯ ಬಿಳಿ ನೆಲದ ಮೇಲೆ ಹರಡಿದಳು. ಅಜ್ಜಿಯ ಕನ್ನಡಕ ತೆಗೆದು ತನ್ನ ಕೈಯಲ್ಲಿ ಹಿಡಿದುಕೊಂಡಳು. ಅಜ್ಜಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನೇರವಾಗಿ ನಡೆದು ಹೋಗಿ ಕಿತ್ತಳೆ ಬಣ್ಣದ ಮ್ಯಾಟಿನ ಮೇಲೆ ನಿಂತಳು.

"ಇದು ಮ್ಯಾಟು," ಎಂದಳು.

ನೀಲಿ ಮ್ಯಾಟು ಅಡುಗೆಮನೆಯ ಸಿಂಕಿನ ಕೆಳಗೆ ಹೋಯಿತು.

ಮರುದಿನ ಬೆಳಿಗ್ಗೆ ಅಣ್ಣ ಎಂದಿನಂತೆ ನೀರು ಸುರಿಸಿಕೊಂಡು ಹೊರಗೆ ಬಂದ. ಬಾಗಿಲಾಚೆ ನೆಲವೆಲ್ಲ ಒದ್ದೆ. ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಪಟಾಕಿ, ನೀರು ಒರೆಸಿದ್ಯಾ?"

ಪಟಾಕಿಯ ಮುಖ ಕೆಂಪಾಯಿತು. "ಚೆಲ್ಲಿದ್ದು ಅಣ್ಣ," ಎಂದು ಕಿರುಚಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಕೋಣೆಯಿಂದ ಅಜ್ಜಿಯ ನಿಧಾನದ ಹೆಜ್ಜೆ ಸದ್ದು ಕೇಳಿಸಿತು.

ಪಟಾಕಿ ಮೊದಲು ನೆಲ ಒರೆಸುವ ಬಟ್ಟೆ ಎತ್ತಿಕೊಂಡಳು. ಜಗಳವನ್ನು ಆಮೇಲೂ ಆಡಬಹುದಿತ್ತು.