ಮೂವತ್ತೆರಡು ಡಿಗ್ರಿ

ರಾಗಿ ಕೊಯ್ದು ಗುಪ್ಪೆ ಹಾಕಿ ಎಂಟು ದಿನವಾಗಿತ್ತು. ಹೊಲದಲ್ಲಿ ಕೂಳೆಯ ಸಾಲು, ಬದುವಿನಲ್ಲಿ ಅವರೆಯ ಸೊಗಡು, ಊರಿನ ಮೇಲೆ ಬಿಸಿಲೇರುವವರೆಗೂ ಕರಗದ ಮಂಜು. ಆ ಮಂಜಿನಲ್ಲೇ ಮುತ್ತುಗದಹಳ್ಳಿಯವರು ಬೆಳಗಿನ ಹಾಲು ಹಿಡಿದು ಡೇರಿಯ ಮುಂದೆ ಸಾಲುಗಟ್ಟಿದ್ದರು. ಪೂರ್ವಿಕಾ ಪ್ರತಿ ಕ್ಯಾನಿನಿಂದ ಒಂದು ಸೌಟು ಹಾಲು ತೆಗೆದು ಯಂತ್ರದ ಬಾಯಿಗೆ ಸುರಿಯುತ್ತಿದ್ದಳು. ಯಂತ್ರ ಫ್ಯಾಟು, ಡಿಗ್ರಿ ಎರಡನ್ನೂ ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಿತ್ತು. ಡಿಗ್ರಿ ಎಂದರೆ ಹಾಲಿನ ಗಟ್ಟಿತನದ ಅಳತೆ. ಇಪ್ಪತ್ತೆಂಟರಿಂದ ಮೂವತ್ತೆರಡರೊಳಗಿದ್ದರೆ ಹಾಲು ಹಾಲೇ. ಕೆಳಗಿಳಿದರೆ ನೀರು ಬೆರೆತಿದೆ. ಮೇಲೇರಿದರೆ ಇನ್ನೇನೋ ಬೆರೆತಿದೆ. ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದ ಪೂರ್ವಿಕಾ ಸ್ವಂತ ಅತ್ತೆಯ ಕ್ಯಾನನ್ನೇ ಎರಡು ಸಲ ವಾಪಸು ಕಳಿಸಿದ್ದವಳು.

ಸಾಲಿನ ಕೊನೆಯಲ್ಲಿ ಅವಳ ಗಂಡ ಕುಶಾಲ ಬರಿಗೈಯಲ್ಲಿ ನಿಂತಿದ್ದ. ಸರದಿ ಬಂದಾಗ ತಲೆ ಹೊರಳಿಸಿ ಬಲಗಿವಿಯನ್ನು ಮೇಜಿನ ಮೇಲಿದ್ದ ಚಿಕ್ಕ ಫಲಕಕ್ಕೆ ಹಿಡಿದ. ಕಿವಿಯ ಹಿಂದೆ ಹುರುಳಿಕಾಳಿನಷ್ಟು ದಪ್ಪದ ಒಂದು ಗುಂಡಿ ಅಂಟಿತ್ತು. ಫಲಕದ ಮೇಲೆ ಅಂಕಿ ಮೂಡಿತು.

“ಎಷ್ಟವ್ವಾ?” ಅನುಷಜ್ಜಿ ಹಿಂದಿನಿಂದ ಕೂಗಿದಳು. ಅವಳ ಹಾಲು ಅಳೆದು ಕಾಲುಗಂಟೆಯಾಗಿತ್ತು. ಇದನ್ನು ಕೇಳಿಕೊಂಡೇ ಹೋಗಬೇಕೆಂದು ನಿಂತಿದ್ದಳು.

“ಅರವತ್ತೆಂಟು,” ಎಂದಳು ಪೂರ್ವಿಕಾ.

“ಮೊನ್ನೆ ಅರವತ್ತಾರಿತ್ತಲ್ಲ! ಹಾಲಾಗಿದ್ರೆ ಚರಂಡಿಗೆ ಸುರೀತಿದ್ರು ಕನ್ಲಾ ನಿನ್ನ.”

“ಸುರುದ್ಬುಡಿ ಅಜ್ಜಿ. ನಿಮ್ಮನೆ ಮುಂದಿನ ಚರಂಡಿಗೇ ಸುರೀರಿ, ಘಮ್ಮಂತದೆ,” ಎಂದ ಕುಶಾಲ. ಸಾಲು ನಕ್ಕಿತು. ಪೂರ್ವಿಕಾ ನಗಲಿಲ್ಲ. ಅವನು ಕುಡಿತ ಬಿಟ್ಟು ಅದು ಅರವತ್ತೊಂದನೆಯ ದಿನ.

ಆ ಗುಂಡಿಯ ಹೆಸರು ಹಂಬಲಮಾಪಕ. ಡಾ. ಸಿಂಚನಾ ಎಂಬ ನರವಿಜ್ಞಾನಿ ಒಂಬತ್ತು ವರ್ಷ ದುಡಿದು ಮಾಡಿದ್ದು. ಕುಡಿತ ಬಿಟ್ಟವನಿಗೆ ಹಳೆಯ ಗುರುತೊಂದು ಎದುರಾದಾಗ, ಅದು ರಸ್ತೆಯ ತಿರುವಿರಬಹುದು, ಲೋಟದ ಸದ್ದಿರಬಹುದು, ಸಂಜೆಯ ಒಂದು ಹೊತ್ತಿರಬಹುದು, ಮಿದುಳಿನ ಆಳದಲ್ಲಿ ಕೆಲವು ನರಕೋಶಗಳು ಒಟ್ಟಿಗೆ ಮಿಡಿಯುತ್ತವೆ. ಗುಂಡಿ ಆ ಮಿಡಿತವನ್ನು ಆಲಿಸಿ ಸೊನ್ನೆಯಿಂದ ನೂರರೊಳಗಿನ ಅಂಕಿಯಾಗಿ ಹೇಳುತ್ತದೆ. ಕುಡಿದನೋ ಇಲ್ಲವೋ ಎನ್ನುವುದು ಅದಕ್ಕೆ ಗೊತ್ತಿಲ್ಲ. ಎಷ್ಟು ಬೇಕೆನಿಸುತ್ತಿದೆ ಎಂಬುದಷ್ಟೇ ಗೊತ್ತು. ಆಸ್ಪತ್ರೆಗೆ ಬಂದು ತೋರಿಸಿ ಎಂದರೆ ಹಳ್ಳಿಯವರು ಎರಡು ದಿನ ಬರುತ್ತಾರೆ, ಮೂರನೆಯ ದಿನ ಬರುವುದಿಲ್ಲ. ಊರಿಗೂರೇ ದಿನಕ್ಕೆರಡು ಸಲ ತಪ್ಪದೆ ಬರುವ ಜಾಗ ಡೇರಿ. ಹಾಗೆಂದೇ ಡಾಕ್ಟರು ಫಲಕವನ್ನು ಹಾಲಿನ ಯಂತ್ರದ ಪಕ್ಕ ಇಡಿಸಿದ್ದರು. ವಾರ ಕಳೆಯುವುದರೊಳಗೆ ಊರು ಅದರ ಅಂಕಿಗೂ ಡಿಗ್ರಿ ಎಂದೇ ಹೆಸರಿಟ್ಟಿತು.

ಕುಶಾಲ ಡೇರಿಯ ಹಾಲಿನ ಗಾಡಿ ಓಡಿಸುತ್ತಿದ್ದವನು. ಹೆದ್ದಾರಿಯಲ್ಲಿ ಚಾಲಕನಿಲ್ಲದ ಗಾಡಿಗಳು ಓಡಾಡುತ್ತಿದ್ದರೂ ಮುತ್ತುಗದಹಳ್ಳಿಯ ಕೊರಕಲು ದಾರಿಯಲ್ಲಿ ಹಾಲು ತುಳುಕದಂತೆ ಇಳಿಸಿಕೊಂಡು ಹೋಗಲು ಮನುಷ್ಯನೇ ಬೇಕಿತ್ತು, ಅದರಲ್ಲೂ ಕುಶಾಲನೇ ಬೇಕಿತ್ತು. ಮುಂಗಾರಿನ ಒಂದು ಸಂಜೆ ಕುಡಿದು ಗಾಡಿಯನ್ನು ರಾಗಿಯ ಪೈರಿನೊಳಕ್ಕೆ ಉರುಳಿಸಿದ. ಅವನ ಭುಜದ ಮೂಳೆ ಮುರಿಯಿತು. ಊರಿನ ಒಂದು ಹೊತ್ತಿನ ಹಾಲು ಮಣ್ಣುಪಾಲಾಯಿತು. ಮೂಳೆ ಕೂಡಿದ ಮೇಲೆ ಡೇರಿಯ ಅಧ್ಯಕ್ಷ ನವೀನಪ್ಪ ಸಭೆ ಕರೆದ. ಆ ಸಭೆಯಲ್ಲಿ ಪೂರ್ವಿಕಾ ಎದ್ದು ನಿಂತು ಹೇಳಿದ್ದಳು: “ತೊಂಬತ್ತು ದಿನ ಅವನು ಒಂದು ತೊಟ್ಟೂ ಮುಟ್ಟದೆ ಇರ್ಲಿ. ಗಾಡಿ ಕೀಲಿ ನಾನೇ ಅವನ ಕೈಗೆ ಕೊಡ್ತೀನಿ. ಇಷ್ಟು ಜನದ ಎದುರಿಗೆ ಹೇಳ್ತಿದೀನಿ.”

ಗುಂಡಿ ಅಂಟಿಸಿದ ದಿನ ಕುಶಾಲನ ಅಂಕಿ ಮೂವತ್ತೊಂದಿತ್ತು. “ಹಸುವಿನ ಹಾಲು ಇದ್ದಂಗವ್ನೆ!” ಎಂದು ನವೀನಪ್ಪ ಬೆನ್ನು ತಟ್ಟಿದ್ದ. ಇಪ್ಪತ್ತನೆಯ ದಿನ ನಲವತ್ತಾಯಿತು. ನಲವತ್ತನೆಯ ದಿನ ಐವತ್ತೈದು. ಹೀಗಾದರೆ ಹೇಗೆಂದು ಆಡಳಿತ ಮಂಡಳಿ ಮತ್ತೆ ಕುಳಿತು, ಕೀಲಿ ಸಿಗಬೇಕಾದರೆ ಅಂಕಿ ದಾಟಬಾರದ ಒಂದು ಮಿತಿ ಗೊತ್ತುಮಾಡಿತು. ಎಷ್ಟಿರಬೇಕೆಂದು ಹೆಚ್ಚು ಚರ್ಚೆಯೇನೂ ನಡೆಯಲಿಲ್ಲ. ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿದ್ದ ಮಿತಿ ಒಂದೇ: ಮೂವತ್ತೆರಡು.

“ನಿಜ ಹೇಳು,” ಎಂದಳು ಪೂರ್ವಿಕಾ ಅರವತ್ತೆಂಟು ಮೂಡಿದ ಆ ದಿನ ಮನೆಯಲ್ಲಿ, ಅವನ ಅಂಗಿಯನ್ನು ಮೂಸಿ ನೋಡಿ. ಮೂಸಿ ಪ್ರಯೋಜನವಿರಲಿಲ್ಲ; ವಾಸನೆಯಿಲ್ಲದ ಸರಕು ಬಂದು ಹತ್ತು ವರ್ಷವಾಗಿತ್ತು.

“ಎಷ್ಟು ಸಲ ಹೇಳ್ಲಿ? ಮುಟ್ಟಿಲ್ಲ.”

“ಮುಟ್ದೆ ಇದ್ರೆ ಯಾಕೆ ಏರ್ತದೆ? ದಿನ ಕಳೆದಂಗೆ ಇಳೀಬೇಕು ತಾನೆ?”

“ನಂಗೂ ಹಂಗೇ ಅನ್ಸಿತ್ತು ಪೂರ್ವಿ.” ಅವನು ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಕೈ ನಿಲ್ಲಿಸಿದ. “ಇಳೀತಿಲ್ಲ.”

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಬಕೆಟ್ಟನ್ನು ಎತ್ತಿ ಕುಕ್ಕಿದಳು.

ಡಾ. ಸಿಂಚನಾ ಎಪ್ಪತ್ತನೆಯ ದಿನ ಊರಿಗೆ ಬಂದರು. ಮೂವತ್ತೆರಡರ ವಿಷಯ ಅವರ ಕಿವಿಗೆ ಬಿದ್ದದ್ದೇ ಹಿಂದಿನ ದಿನ. ಡೇರಿಯ ಜಗುಲಿಯ ಮೇಲೆ ಕೂತು, ಕೊಟ್ಟ ಹಾಲನ್ನು ಕುಡಿಯದೆ ಕೈಯಲ್ಲೇ ಹಿಡಿದು ಮಾತಾಡಿದರು.

“ಬಿಟ್ಟ ಮೊದಲ ದಿನಕ್ಕಿಂತ ಅರವತ್ತನೇ ದಿನ ಹಂಬಲ ಜಾಸ್ತಿ ಇರುತ್ತೆ. ಇದನ್ನ ಮೊದಲು ಇಲಿಗಳಲ್ಲಿ ನೋಡಿದ್ರು, ಆಮೇಲೆ ಮನುಷ್ಯರಲ್ಲಿ. ಬಿಟ್ಟು ಕೂತಷ್ಟೂ ಮಿದುಳು ಒಳಗೊಳಗೇ ಆ ನೆನಪನ್ನ ಗಟ್ಟಿ ಮಾಡ್ಕೊಳ್ಳುತ್ತೆ. ತಿಂಗಳುಗಟ್ಟಲೆ ಏರಿ, ಆಮೇಲೆ ನಿಧಾನಕ್ಕೆ ಇಳಿಯುತ್ತೆ. ಇವರ ಅಂಕಿ ಏರ್ತಿದೆ ಅಂದ್ರೆ ಇವರು ಕುಡೀತಿಲ್ಲ ಅಂತಲೇ ಅರ್ಥ. ಇದು ತಪ್ಪಿನ ಅಳತೆ ಅಲ್ಲ, ಹೊರೆಯ ಅಳತೆ.”

ನವೀನಪ್ಪನಿಗೆ ಎಪ್ಪತ್ತು. ಹೆಸರಿಗಷ್ಟೇ ನವೀನ ಎಂದು ಊರಿನ ಹುಡುಗಿಯರು ಆಡಿಕೊಳ್ಳುತ್ತಿದ್ದರು. ಆದರೆ ಮನುಷ್ಯ ಪೆದ್ದನಲ್ಲ. “ಹೊರೆ ಅಂತೀರಿ, ಒಪ್ಪಿದೆ ಡಾಕ್ಟ್ರಮ್ಮ. ಹೊರೆ ಜಾಸ್ತಿ ಆದ್ರೆ ಕತ್ತು ಉಳುಕ್ತದೆ ಅಲ್ವಾ? ಅಂಥೋನ ಕೈಗೆ ಊರ ಹಾಲು ಎಂಗೆ ಕೊಡಾನ?”

ಡಾಕ್ಟರು ಹಾಲಿನ ಲೋಟವನ್ನು ಜಗುಲಿಯ ಮೇಲಿಟ್ಟರು. “ಅಪಾಯ ಇದೆ, ಇಲ್ಲ ಅನ್ನಲ್ಲ. ಅದಕ್ಕೇ ಜೊತೆಗೆ ನಿಲ್ಲಿ ಅಂತಿರೋದು. ಇಲ್ಲಿ ನೋಡಿ.” ಗುಂಡಿಯ ಅಂಕಿಗಳೆಲ್ಲ ಬಂದು ಸೇರುವ ಅಂಗೈಯಗಲದ ತೆರೆಯನ್ನು ಚೀಲದಿಂದ ತೆಗೆದು ಅವನ ಮುಂದೆ ಹಿಡಿದರು. ಕುಶಾಲನ ಒಂದೊಂದು ದಿನವೂ ಗುಡ್ಡ, ಕಣಿವೆಯ ಗೆರೆಯಾಗಿತ್ತು. “ದಿನದಲ್ಲಿ ಎರಡು ಸಲ ಮೇಲಕ್ಕೆ ಹಾರುತ್ತೆ. ಸಾರಾಯಿ ಅಂಗಡಿ ಮುಂದೆ ಹೋಗುವಾಗ ಅಲ್ಲ. ಬೆಳಿಗ್ಗೆ ಆರೂವರೆ, ಸಂಜೆ ಆರೂವರೆ. ಇಲ್ಲಿ ಸಾಲಲ್ಲಿ ನಿಂತು, ಎಷ್ಟು ಅಂತ ನೀವೆಲ್ಲ ಕೇಳಿದಾಗ. ನೀವು ಕೇಳೋದೇ ಅವರಿಗೆ ಕುಡಿತದ ನೆನಪಾಗಿಬಿಟ್ಟಿದೆ. ಫಲಕವನ್ನ ಒಳಗಿನ ಕೋಣೇಲಿ ಇಡಿಸಿ. ಇಲ್ಲಿ ಇಟ್ಟಿದ್ದು ನನ್ನದೇ ತಪ್ಪು.”

“ಅದೊಂದು ಆಗಾಕಿಲ್ಲ,” ಎಂದ ನವೀನಪ್ಪ. ದನಿಯಲ್ಲಿ ಒರಟುತನವಿರಲಿಲ್ಲ. “ಕದ್ದುಮುಚ್ಚಿ ಅಳೆಯೋದು ಈ ಡೇರೀಲಿಲ್ಲ. ನಮ್ಮಪ್ಪನ ಕಾಲದಲ್ಲಿ ಒಳಗೆ ಅಳೆದು ಊರನ್ನೇ ತಿಂದುಹಾಕಿದ್ರು. ಅವತ್ತಿಂದ ಏನು ಅಳೆದ್ರೂ ಹತ್ತು ಜನದ ಕಣ್ಣೆದುರಿಗೇ.”

ಹೊರಡುವಾಗ ಡಾಕ್ಟರು ಕಾರಿನ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿದರು. ಕಿಟಕಿಯ ಬಳಿ ನಿಂತಿದ್ದ ಪೂರ್ವಿಕಾಳಿಗೆ, “ನಿಮಗಾದ್ರೂ ಅರ್ಥ ಆಯ್ತಾ?” ಎಂದು ಕೇಳಿದರು. ಅವಳು ಹೂಂ ಎಂದಳು. ಮಾತು ಅರ್ಥವಾಗಿತ್ತು. ಆದರೆ ಮರುದಿನ ಫಲಕದ ಮೇಲೆ ಎಪ್ಪತ್ತೊಂದು ಮೂಡಿದಾಗ ಅವಳ ಕೈ ತಾನಾಗಿಯೇ ಅವನಿಗೆ ಪಕ್ಕಕ್ಕೆ ಸರಿಯುವಂತೆ ಸನ್ನೆ ಮಾಡಿತು. ಹನ್ನೆರಡು ವರ್ಷ ಅಂಕಿಯನ್ನು ನಂಬಿ ಬದುಕಿದವಳು. ಅಂಕಿ ನೋಡಿ ಕ್ಯಾನು ತಳ್ಳಿ ಅಭ್ಯಾಸವಾದ ಕೈ.

ತೊಂಬತ್ತನೆಯ ದಿನ ಎಪ್ಪತ್ತನಾಲ್ಕು. ಕುಶಾಲ ಅಂಗಿ ಇಸ್ತ್ರಿ ಮಾಡಿಕೊಂಡು ಬಂದಿದ್ದ. ನವೀನಪ್ಪ ಫಲಕವನ್ನು ನೋಡಿ ತಲೆಯಾಡಿಸಿದ. “ಮೂವತ್ತೆರಡಕ್ಕೆ ಬರ್ಲಿ ಕನಪ್ಪ, ಆಮೇಲೆ ನೋಡಾನ.”

ಕುಶಾಲ ಅವನ ಕಡೆ ನೋಡಲೇ ಇಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ ನಿಂತ. ಕೀಲಿ ಅವಳ ಮೇಜಿನ ಖಾನೆಯಲ್ಲಿತ್ತು. ಅವಳು ಸೌಟು ತೊಳೆದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ತಲೆ ಎತ್ತಿದಾಗ ಅವನು ಹೋಗಿಬಿಟ್ಟಿದ್ದ.

ಮೂರು ದಿನ ಅವನು ಮನೆಯಲ್ಲಿ ಮಾತಾಡಲಿಲ್ಲ. ಮೂರನೆಯ ಸಂಜೆ ಡೇರಿಗೂ ಬರಲಿಲ್ಲ. ತಡವಾಗಿ ಬಂದವನು ಹುಲ್ಲಿನ ಕೊಟ್ಟಿಗೆಯಲ್ಲೇ ಮಲಗಿದ. ಮುನಿಸಿರಬೇಕೆಂದು ಅವಳೂ ಕರೆಯಲಿಲ್ಲ. ಬೆಳಿಗ್ಗೆ ತಣ್ಣೀರಲ್ಲಿ ಮಿಂದು ಸಾಲಿಗೆ ಬಂದು ನಿಂತ. ಕಿವಿ ಹಿಡಿದ.

ಇಪ್ಪತ್ತೊಂಬತ್ತು.

ಒಂದು ಕ್ಷಣ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಅನುಷಜ್ಜಿಯೇ ಮೊದಲು ಚಪ್ಪಾಳೆ ತಟ್ಟಿದಳು. “ಗೆದ್ಬುಟ್ಟ ಕನ್ರಪ್ಪೋ!” ನವೀನಪ್ಪ ಓಡಿಬಂದು ಫಲಕ ನೋಡಿ, ಇನ್ನೊಮ್ಮೆ ಕಿವಿ ಹಿಡಿಸಿದ. ಇಪ್ಪತ್ತೊಂಬತ್ತೇ. “ತಗಿಯವ್ವಾ ಪೂರ್ವಿಕಾ, ಕೀಲಿ ತಗಿ. ನಿನ್ನ ಕೈಯ್ಯಾರೆ ಕೊಡ್ತೀನಿ ಅಂದಿದ್ದೆಯಲ್ಲ, ಕೊಡು!”

ಅವಳು ಖಾನೆ ಎಳೆದು ಕೀಲಿ ತೆಗೆದಳು. ಕೊಡಲು ಹೋಗಿ ಅವನ ಕಣ್ಣು ನೋಡಿದಳು. ಮೂರು ತಿಂಗಳಿಂದ ಅವನ ಕಣ್ಣಿನಲ್ಲಿದ್ದ ಬಿಗಿ ಅಲ್ಲಿರಲಿಲ್ಲ. ಆ ಬಿಗಿ ಇತ್ತೆಂಬುದೇ ಅವಳಿಗೆ ಈಗ, ಅದು ಇಲ್ಲದಿದ್ದಾಗ ತಿಳಿಯಿತು.

“ನಿನ್ನೆ ಕುಡ್ದೆ,” ಎಂದ ಕುಶಾಲ. ಹೆಂಡತಿಗೆಂದು ಹೇಳಿದ್ದು ಎಲ್ಲರಿಗೂ ಕೇಳಿಸಿತು. “ಕುಡ್ದಿದ್ದಕ್ಕೆ ಇಳಿದದೆ. ತೊಂಬತ್ಮೂರು ದಿನ ಹಲ್ಲು ಕಚ್ಕೊಂಡು ನಿಂತೆ, ಆಗ ಕಲಬೆರಕೆ ಅಂದ್ರಿ. ಇವತ್ತು ಹಾಲು ಅಂತೀರಿ. ಆ ಕೀಲಿ ಒಳಗಿಡು ಪೂರ್ವಿ. ಇವತ್ತು ನಾನು ಗಾಡಿ ಹತ್ತಬಾರ್ದು.”

ಅಷ್ಟರಲ್ಲಿ ಡಾಕ್ಟರ ಕಾರು ಬಂತು. ಅಂಕಿ ಧಡಕ್ಕನೆ ಬಿದ್ದದ್ದನ್ನು ತಮ್ಮ ತೆರೆಯಲ್ಲಿ ಕಂಡು, ಅದರ ಅರ್ಥ ತಿಳಿದು ಹೊರಟು ಬಂದಿದ್ದರು. ಜನರ ಮುಖ ನೋಡಿದರು, ಮೇಜಿನ ಮೇಲಿನ ಇಪ್ಪತ್ತೊಂಬತ್ತನ್ನು ನೋಡಿದರು. ಬಾಗಿ ಫಲಕದ ತಂತಿಯನ್ನು ತಾವೇ ಕಿತ್ತರು. ಯಾರೂ ತಡೆಯಲಿಲ್ಲ.

“ನವೀನಪ್ಪನವರೇ,” ಎಂದರು ತಂತಿ ಸುತ್ತುತ್ತ, “ಒಂದು ಕೇಳ್ತೀನಿ. ನಿಮ್ಮ ಹರೆಯದ ಕಾಲದಲ್ಲಿ, ಎರಡು ಸಾವಿರದ ಇಪ್ಪತ್ತು ಇಪ್ಪತ್ತೈದರ ಹೊತ್ತಿಗೆ, ಈ ಯಂತ್ರ ಇರಲಿಲ್ಲ. ಕುಡಿತ ಬಿಟ್ಟವನು ಎದುರಿಗೆ ಸಿಕ್ಕಿದ್ರೆ ಏನು ಮಾತಾಡಿಸ್ತಿದ್ರಿ?”

ನವೀನಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ. “ಎಷ್ಟು ದಿನ ಆಯ್ತಲಾ ಅಂತಿದ್ವಿ. ಇನ್ನೆಷ್ಟು ದಿನವೋ ಅಂತ ನಗಾಡ್ತಿದ್ವಿ.”

“ಕಷ್ಟ ಆಗ್ತಿದೆಯಾ ಅಂತ?”

ಅವನು ಬೆರಳು ಮಡಿಸುತ್ತ ಹೋದ. ನಡುವಯಸ್ಸಿಗೆ ಮುಂಚೆಯೇ ಸತ್ತ ಜೊತೆಗಾರರ ಮುಖಗಳನ್ನು ಒಂದೊಂದಾಗಿ ನೆನೆಯುವಂತಿತ್ತು. “ಇಲ್ಲ ಕನಮ್ಮ,” ಎಂದ. “ಅದನ್ನ ಯಾರೂ ಕೇಳ್ತಿರ್ಲಿಲ್ಲ.”

ಹಾಲಿನ ಗಾಡಿ ಆ ದಿನವೂ ಪಕ್ಕದ ಊರಿನ ಬದಲಿ ಚಾಲಕನಿಗಾಗಿ ಕಾಯುತ್ತ ನಿಂತಿತು. ಪೂರ್ವಿಕಾ ಡೇರಿಯ ಬಾಗಿಲು ಹಾಕಿ ಕುಶಾಲನ ಜೊತೆ ಹೊಲದ ದಾರಿಯಲ್ಲಿ ಮನೆಗೆ ಹೊರಟಳು. ಗುಪ್ಪೆಗಳ ನಡುವೆ ಬಿಸಿಲು ಬಿದ್ದಿತ್ತು. ಅರ್ಧ ದಾರಿಯಲ್ಲಿ ಅವಳು ನಿಂತಳು.

“ಹೆಂಗಿರ್ತದೆ ಅದು?” ಎಂದಳು.

“ಯಾವುದು?”

“ಬೇಕು ಅನ್ಸೋದು.”

ಅವನು ಬದುವಿನ ಮೇಲೆ ಕೂತ. ಹೇಳಲು ಶುರುಮಾಡಿದ, ಮಾತು ಸಿಗದೆ ನಿಲ್ಲಿಸಿದ, ಮತ್ತೆ ಶುರುಮಾಡಿದ. ಅವಳು ಪಕ್ಕದಲ್ಲಿ ಕೂತು ಕೇಳಿದಳು. ಮನೆಯಲ್ಲಿ ಎಮ್ಮೆ ಕೂಗಿದ್ದು ಅಲ್ಲಿಯವರೆಗೂ ಕೇಳಿತು, ಅವಳು ಏಳಲಿಲ್ಲ. ಅವನು ಮುಗಿಸಿದಾಗ ಬಿಸಿಲು ಚುರುಕಾಗಿತ್ತು.

“ಆ ತೊಂಬತ್ತನೇ ದಿನ ನಾನು ಕೀಲಿ ಕೊಡಬೇಕಿತ್ತು,” ಎಂದಳು. “ಕೊಟ್ಟ ಮಾತು, ನಿಂಗೆ ಬಾಕಿ ಉಳಿಸ್ಕೊಂಡೆ. ಈಗ ಎಂಗೆ ತೀರಿಸಾದು ಗೊತ್ತಾಯ್ತಿಲ್ಲ.”

ಕುಶಾಲ ಎದ್ದು ಪಂಚೆಯ ಮಣ್ಣು ಕೊಡವಿಕೊಂಡ.

“ತೀರಿಸಬೇಡ,” ಎಂದ. “ತೀರಿಸ್ಬುಟ್ರೆ ಮರ್ತೋಯ್ತೀಯ.”